ಸಹಿ ಹಾಕಿದವಳ ಜೊತೆ ಐದು ದಿನ

ನಾಲ್ಕನೇ ದಿನ ಹಿಟ್ನಾಳದ ಹತ್ತಿರ ನನ್ನ ಎಡಗಾಲಿನ ಹೆಬ್ಬೆರಳಿನ ಉಗುರು ಎದ್ದು ಬಂತು. ಚಹಾದಂಗಡಿಯ ಬೆಂಚಿನ ಮೇಲೆ ಕೂತು ಸಾಕ್ಸ್ ಬಿಚ್ಚಿದರೆ ರಕ್ತ. ಎದುರಿಗೇ ಗಂಗಾವತಿ ಬಸ್ಸು ನಿಂತಿತ್ತು. ಹತ್ತಿಬಿಡಲೇ?

(ಮೂಲೆಯಂಗಡಿಯ ಹಾಲಿಗೂ ಸ್ಕೂಟರ್ ತೆಗೆಯುವ ಮನುಷ್ಯ ನಾನು. ನಿಮಗೆ ಗೊತ್ತೇ ಇದೆ.)

ಕುಷ್ಟಗಿಯಿಂದ ಹೊರಟು ಯಲಬುರ್ಗಾ, ಕೊಪ್ಪಳ ಹಾದು ಗಂಗಾವತಿಗೆ ಐದು ದಿನದ ನಡಿಗೆ. ಅಂಗದಾನ ಮಾಡಿದ ಮನೆಗಳ ಮಕ್ಕಳ ಓದಿಗೆ ದೇಣಿಗೆ ಕೂಡಿಸುವುದು ಉದ್ದೇಶ. ನನ್ನನ್ನು ಎಳೆತಂದವಳು ರೆಹಾನಾ. ಗಂಗಾವತಿಯಲ್ಲಿ ನಾವು ಬಾಡಿಗೆಗಿದ್ದಾಗ ಪಕ್ಕದ ಮನೆಯವಳು. ಹೊಲಿಗೆ ಕೆಲಸ ಮಾಡುತ್ತಾಳೆ.

ಹೋದ ವರ್ಷ ಅವಳ ಗಂಡ ಬಾಷಾ ಬೈಕಿನಿಂದ ಬಿದ್ದ. ಮೆದುಳು ಸತ್ತಿದೆ, ಇನ್ನು ಮರಳುವುದಿಲ್ಲ ಎಂದರು ವೈದ್ಯರು. ಅವನ ಕಿಡ್ನಿ, ಲಿವರ್, ಕಣ್ಣು ಕೊಡಲು ರೆಹಾನಾ ಸಹಿ ಹಾಕಿದಳು. ಊರಿಗೆ ಬಂದರೆ ಓಣಿಯ ಮಾತು ಬೇರೆಯೇ: ಗಂಡನನ್ನು ಮಾರಿ ಬಂದಳು! ಅತ್ತೆ ಜುಬೇದಾಬಿ ಅಂದಿನಿಂದ ಸೊಸೆಯ ಜೊತೆ ಮಾತು ಬಿಟ್ಟರು. ಒಂದೇ ಮನೆ, ಒಂದೇ ಒಲೆ, ಮಾತಿಲ್ಲ.

ಹಿಟ್ನಾಳದ ಚಹಾದಂಗಡಿಯಲ್ಲೂ ಅದೇ ಮಾತು ಕಾದಿತ್ತು. ಹಿರಿಯರೊಬ್ಬರು ಅಂಗದಾನದ ನಮ್ಮ ಬ್ಯಾನರ್ ಓದಿ, ಗಂಡನ ಅಂಗ ಕೊಟ್ಟವಳು ಇವಳೇ ಎಂದು ತಿಳಿದು ರೆಹಾನಾಳನ್ನು ಕೇಳೇಬಿಟ್ಟರು.

"ಖರೇ ಹೇಳವ್ವ, ಎಷ್ಟ್ ಕೊಟ್ರು?"

ನನಗೆ ಸಿಟ್ಟು ನೆತ್ತಿಗೇರಿತು. ಅವಳು ನಿಧಾನವಾಗಿ ಕಪ್ ಕೆಳಗಿಟ್ಟಳು.

"ರೊಕ್ಕ ಕೊಟ್ಟಿದ್ರ ನಾ ಯಾಕ್ ಹಿಂಗ ನಡೀತಿದ್ದೆ ಕಾಕಾ? ಕಾರಿನ್ಯಾಗ ಹೊಂಟಿರ್ತಿದ್ದೆ."

ಉಳಿದವರು ನಕ್ಕರು. ಹಿರಿಯರು ನಗಲಿಲ್ಲ. "ಯಾರಿಗೆ ಹಾಕ್ಯಾರ, ಗೊತ್ತೈತೇನವ್ವ?" ಎಂದರು.

"ಹೇಳಂಗಿಲ್ರಿ, ಕಾಯ್ದೆ ಐತಿ."

"ಅವ್ರನ್ನ ನೋಡಬೇಕು ಅನಸಂಗಿಲ್ಲೇನು?"

"ದಿನಾ ಅನಸ್ತೈತ್ರಿ. ಅದಕ್ಕ ದಾರ್ಯಾಗ ಎದುರಿಗೆ ಬಂದವ್ರ ಮಾರಿ ನೋಡ್ಕೋತ ನಡೀತೀನಿ."

ಬಸ್ಸು ಹೊರಟುಹೋಯಿತು. ನಾನು ಬೆರಳಿಗೆ ಪಟ್ಟಿ ಸುತ್ತಿದೆ. ಗಂಡ ಕಣ್ಣೆದುರೇ ಹೋದ ಹೊತ್ತಿನಲ್ಲಿ ಸಹಿಗೆ ಪೆನ್ನು ಹಿಡಿದ ಕೈಯ ಮುಂದೆ ನನ್ನ ಉಗುರು ಯಾವ ಲೆಕ್ಕ?

"ಆಗ್ತೈತೇನ್ರಿ ಅಣ್ಣಾರ?" ಎಂದಳು ರೆಹಾನಾ.

"ಆಗಲೇಬೇಕವ್ವ, ನಡಿ."

ಕುಂಟಿದೆ. ನಿಲ್ಲಲಿಲ್ಲ. ಮರುದಿನ ಹೇಮಗುಡ್ಡ ದಾಟಿ ಗಂಗಾವತಿ ಮುಟ್ಟುವಾಗ ಸಂಜೆಯಾಗಿತ್ತು. ಊರ ಮೊದಲ ಮನೆಗಳ ಹತ್ತಿರ ಒಬ್ಬರೇ ನಿಂತಿದ್ದರು, ಜುಬೇದಾಬಿ!

ರೆಹಾನಾಳ ಹೆಜ್ಜೆ ತಡೆಯಿತು. ಮುದುಕಿಯೇ ಮುಂದೆ ಬಂದು ಅವಳ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದರು. ಚಪ್ಪಲಿ ಬಿಚ್ಚಿ, ಬೊಬ್ಬೆಯೆದ್ದ ಪಾದವನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು.

"ನಕ್ಕೋ ಅಮ್ಮೀ," ಬೇಡ ಎಂದು ರೆಹಾನಾ ಕಾಲು ಹಿಂದಕ್ಕೆಳೆದಳು. ಸುಮ್ಮನೆ ಕೂರು ಎಂದು ಅತ್ತೆ ಉರ್ದುವಿನಲ್ಲೇ ಗದರಿದರು. ವರ್ಷದ ಮೇಲೆ ಸೊಸೆಗೆ ಆಡಿದ ಮೊದಲ ಮಾತು. ಗದರಿಸಿಕೊಂಡು ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಆಮೇಲೆ ಜುಬೇದಾಬಿ ನನ್ನತ್ತ ತಿರುಗಿ ಹೇಳಿದರು: "ಅಷ್ಟು ದೂರದಿಂದ ನಡಕೋತ ಬಂದಾಳ. ನಾ ಇಲ್ಲಿಮಟ ಬರದಿದ್ರ ಹೆಂಗ್ರಿ?"

ಅಂಗದಾನ ಮಾಡಿ ಓಣಿಯ ಮಾತಿಗೆ ಸಿಕ್ಕ ಅಂಥದೊಂದು ಮನೆ ನಿಮ್ಮಲ್ಲೂ ಇದ್ದೀತು. ಅದರ ಬಾಗಿಲಿಗೆ ನೀವು ಯಾವಾಗ ಹೊರಡುತ್ತೀರಿ?