ಸುತ್ತಿ ಒಯ್ಯುವ ಪೇಟಿ

ಸುತ್ತಿಟ್ಟ ವಸ್ತು ಬಿಚ್ಚಿ ಹಾಸಿದ ಮೇಲೂ ತನ್ನ ಸುರುಳಿಯ ಅಭಿಮಾನವನ್ನು ಬಿಡುವುದಿಲ್ಲವೆಂಬುದನ್ನು ನೀವೂ ಗಮನಿಸಿರಬಹುದು. ಹೊಸ ಕ್ಯಾಲೆಂಡರು ಫೆಬ್ರವರಿ ಬಂದರೂ ಗೋಡೆಗೆ ಒರಗಲೊಲ್ಲದೆ ಕೆಳತುದಿಯಲ್ಲಿ ಮೂಗು ಮುರಿಯುತ್ತಿರುತ್ತದೆ. ಮದುವೆಮನೆಯ ಜಮಖಾನೆ, ಹಾಸಿದವನು ಬೆನ್ನು ತಿರುಗಿಸುವುದನ್ನೇ ಕಾದಿದ್ದು, ಮೂಲೆಯಲ್ಲಿ ಮೆಲ್ಲಗೆ ತಲೆ ಎತ್ತುತ್ತದೆ. ಕಾಲೇಜಿನಲ್ಲಿ ಕನ್ನಡ ಕಲಿಸಿ ಪಗಾರ ಪಡೆಯುತ್ತಿದ್ದ ನನ್ನ ಪಾಂಡಿತ್ಯವೂ ಇದೇ ಕುಲದ್ದೆಂದು ನನಗೆ ಮನವರಿಕೆ ಮಾಡಿಕೊಟ್ಟದ್ದು ಒಂದು ರಬ್ಬರಿನ ಪಿಯಾನೋ. ಅದನ್ನು ಆರಿಸಲು ಹೋದ ಬುದ್ಧಿವಂತರು ಇಬ್ಬರು. ಒಬ್ಬ ನಾನು, ಇನ್ನೊಬ್ಬರು ಮೂಡಲಗಿಯ ಬಟ್ಟೆ ವ್ಯಾಪಾರಿ ಭರಮಣ್ಣನವರು.

ಹೊಸ ಶತಮಾನ ಹುಟ್ಟಿ ಐದಾರು ವರ್ಷಗಳಾಗಿದ್ದವು. ಗೋಕಾಕದ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ಸೋಮವಾರ ಮಧ್ಯಾಹ್ನ ಹನ್ನೆರಡು ಮಂದಿ ಹೆಣ್ಣುಮಕ್ಕಳು ಕೂಡಿ ವಚನ, ಭಜನೆಗಳನ್ನು ಕಲಿಯುತ್ತಿದ್ದರು. ನನ್ನ ಹೆಂಡತಿ ಗೌರಿ ಅವರಲ್ಲೊಬ್ಬಳು. ಕಲಿಸುವವರು ಹುಕ್ಕೇರಿಯ ಸುಶೀಲಾ ಅಕ್ಕೋರು. ಐವತ್ತು ದಾಟಿದ, ತೆಳ್ಳಗಿನ, ಹೊಗಳಿದರೆ ಹಿಗ್ಗದ, ಅಪಸ್ವರ ಕೇಳಿದರೆ ಮಾತ್ರ ಹುಬ್ಬು ಗಂಟಿಕ್ಕುವ ಹೆಂಗಸು. ಸೋಮವಾರ ಗೋಕಾಕ, ಗುರುವಾರ ಭರಮಣ್ಣನವರ ಅಂಗಡಿಯ ಮಾಳಿಗೆ, ನಡುವಿನ ದಿನಗಳಲ್ಲಿ ಧುಪದಾಳವೋ ಮಮದಾಪುರವೋ ಕರೆದ ಊರು. ಎಲ್ಲ ಕಡೆಗೂ ಅವರು ಬಸ್ಸಿನಲ್ಲಿ ಬರುತ್ತಿದ್ದರು. ಜೊತೆಗೆ ಅವರ ಪೇಟಿ. ನಮ್ಮ ಭಾಗದಲ್ಲಿ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ, ಮತ್ತು ಅದನ್ನು ಒಮ್ಮೆ ಎತ್ತಿದವರು ಆ ಹೆಸರಿನ ಔಚಿತ್ಯವನ್ನು ಪ್ರಶ್ನಿಸುವುದಿಲ್ಲ. ಊರಿಗೊಂದು ಪೇಟಿ ತಂದಿಡುವಷ್ಟು ಸಂಗೀತಪ್ರೇಮ ಯಾವ ಊರಿಗೂ ಇರಲಿಲ್ಲವಾದ್ದರಿಂದ, ಅಕ್ಕೋರ ತಂದೆಯ ಕಾಲದ ಆ ಸಾಗವಾನಿ ಪೇಟಿಯೇ ಕೌದಿಯ ಗವಸು ತೊಟ್ಟು ಊರೂರು ತಿರುಗುತ್ತಿತ್ತು.

ಈ ಪಾಠಗಳಲ್ಲಿ ನನ್ನ ಪಾತ್ರವೇನೆಂದು ಕೇಳಿದಿರೋ, ನಾನು ರಸಿಕ. ಬೆಳಗಿನ ಕಾಲೇಜು ಮುಗಿಸಿ ಬಂದು ಬಾಗಿಲ ಬಳಿಯ ಬೆತ್ತದ ಕುರ್ಚಿಯಲ್ಲಿ ಕುಳಿತು, ಗೌರಿ ನಡುವೆ ಎದ್ದು ಹೋಗಿ ಮಾಡಿ ತಂದ ಚಹಾ ಹೀರುತ್ತ, ತಾಳದ ಸಮಕ್ಕೆ ಅರ್ಧ ಗಳಿಗೆ ತಡವಾಗಿ ತಲೆದೂಗುವುದು ನನ್ನ ಸೇವೆ. ಅಕ್ಕೋರ ಪೇಟಿಯನ್ನು ನಾನು ಬಂದವರೆದುರಿಗೆಲ್ಲ ‘ನಾದಪರಂಪರೆಯ ಪಲ್ಲಕ್ಕಿ’ ಎಂದು ಬಣ್ಣಿಸುತ್ತಿದ್ದೆ. ಮೂರು ವರ್ಷಗಳಲ್ಲಿ ಆ ಪಲ್ಲಕ್ಕಿಗೆ ನಾನು ಹೆಗಲು ಕೊಟ್ಟದ್ದು ಒಂದೇ ಸಲ, ಕಟ್ಟೆಯಿಂದ ಪಡಸಾಲೆಯವರೆಗೆ. ಅದರ ಫಲವಾಗಿ ಎರಡು ದಿನ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡು ಬೋರಲು ಮಲಗಿದ್ದೆ.

ಒಂದು ಸೋಮವಾರ ಅಕ್ಕೋರು ತಡವಾಗಿ ಬಂದರು. ಬಲಗೈಯನ್ನು ಬಿಳಿ ಬಟ್ಟೆಯಲ್ಲಿ ಕೊರಳಿಗೆ ತೂಗುಹಾಕಿಕೊಂಡಿದ್ದರು. ಪೇಟಿ ಬಂದಿರಲಿಲ್ಲ.

“ಹ್ವಾದ ವಾರ ಘಟಪ್ರಭಾ ದಾಟಿದ ಮ್ಯಾಲೆ ಬಸ್ಸಿಗೆ ಎಮ್ಮಿ ಅಡ್ಡ ಬಂತ್ರಿ,” ಎಂದರು, ಎಲ್ಲರೂ ಒಟ್ಟಿಗೇ ಕೇಳಿದಾಗ. “ಡ್ರೈವರ್ ಬ್ರೇಕ್ ಒತ್ತಿದ. ಮ್ಯಾಲಿಟ್ಟಿದ್ದ ಪೇಟಿ ಹೆಗಲಮ್ಯಾಲೆ ಬಿತ್ತು. ಎಮ್ಮಿಗೂ ಏನೂ ಆಗಿಲ್ಲ, ಪೇಟಿಗೂ ಏನೂ ಆಗಿಲ್ಲ.”

ನಾವು ನಕ್ಕೆವು. ಅವರು ನಗಲಿಲ್ಲ.

“ಡಾಕ್ಟರು ಇನ್ನ ಭಾರ ಎತ್ತಬ್ಯಾಡ್ರಿ ಅಂದಾರ. ಕೈ ನೆಟ್ಟಗಾದ್ರೂ ಎತ್ತಂಗಿಲ್ಲ. ಈ ದೀಪಾವಳಿಗೆ ಊರೂರು ತಿರಗೂದು ಬಿಟ್ಟಬಿಡ್ತೇನ್ರಿ.”

ಎಲ್ಲರೂ ಹೋದ ಮೇಲೆ ಗೌರಿ ಜಮಖಾನೆ ಝಾಡಿಸುತ್ತ, ನನ್ನತ್ತ ನೋಡದೆ ಹೇಳಿದಳು: “ವಾರದಾಗ ಈ ಎರಡು ತಾಸು ಬಿಟ್ರ ನನ್ನದು ಅನ್ನೂದು ಏನೈತ್ರಿ ಈ ಮನ್ಯಾಗ?” ಉತ್ತರವಿಲ್ಲದಾಗ ಗಂಡಸರು ಕೊಡುವ ಉತ್ತರವನ್ನೇ ನಾನೂ ಕೊಟ್ಟೆ: “ಏನರೆ ವ್ಯವಸ್ಥಾ ಮಾಡೂಣ.”

ಅದೇ ವಾರ ಮೂಡಲಗಿಯಿಂದ ಭರಮಣ್ಣನವರ ಫೋನು ಬಂತು. ಅವರ ಮನೆಯ ಸೊಸೆಯಂದಿರಿಬ್ಬರೂ ಅಕ್ಕೋರ ಶಿಷ್ಯೆಯರು. ಪಾಠ ನಿಲ್ಲುವ ಸುದ್ದಿ ಅಲ್ಲಿಯೂ ಅನ್ನಕ್ಕೆ ಉಪ್ಪು ತಪ್ಪಿಸಿತ್ತೆಂದು ಕಾಣುತ್ತದೆ.

“ಸರ, ಹೊಸಾ ಮಾಲು ಬಂದೈತಂತ್ರಿ ಬೆಳಗಾವ್ಯಾಗ. ರಬ್ಬರಿನ ಪಿಯಾನೋ. ಚಾಪಿ ಸುತ್ತಿದಂಗ ಸುತ್ತಿ ಬಗಲಾಗ ಹಿಡಕೊಂಡು ನಡಿಯೂದು. ಪುಣೇದಿಂದ ಬಂದ ಅಳಿಯ ಖರೆ ಐತಿ ಅಂದಾನ.”

ರಬ್ಬರು! ನನ್ನೊಳಗಿನ ಪರಂಪರೆ ದಿಗ್ಗನೆದ್ದು ನಿಂತಿತು. ನಾದಕ್ಕೆ ಕಾಷ್ಠದ ಸಂಸ್ಕಾರ ಬೇಕೆಂದೂ, ಗಾಳಿಯಿಲ್ಲದ ವಾದ್ಯ ಪ್ರಾಣವಿಲ್ಲದ ದೇಹವೆಂದೂ, ಇಂದು ಪೇಟಿಯನ್ನು ಸುತ್ತಿದವರು ನಾಳೆ ಸಾಹಿತ್ಯವನ್ನೂ ಸುತ್ತಿ ಮೂಲೆಗಿಡುವರೆಂದೂ ನಾನು ಫೋನಿನಲ್ಲೇ ಸುದೀರ್ಘವಾಗಿ ಪ್ರತಿಪಾದಿಸಿದೆ. ಭರಮಣ್ಣನವರು ತಾಳ್ಮೆಯಿಂದ ಕೇಳಿ, “ಸಂಸ್ಕೃತಿ ಆಮ್ಯಾಲೆ ನೋಡೂಣ್ರಿ ಸರ, ಮದಲ ಮಾಲು ನೋಡೂಣ,” ಎಂದರು.

ಹೀಗೆ ಒಂದು ಶನಿವಾರ ನಾವಿಬ್ಬರೂ ಬೆಳಗಾವಿಯ ವಾದ್ಯಗಳ ಅಂಗಡಿಯೊಂದರಲ್ಲಿ ಪ್ರತ್ಯಕ್ಷರಾದೆವು. ನಾದಪರೀಕ್ಷೆ ನನ್ನ ಪಾಲಿಗೆ, ಮಾಲುಪರೀಕ್ಷೆ ಅವರ ಪಾಲಿಗೆ ಎಂದು ದಾರಿಯಲ್ಲೇ ಒಪ್ಪಂದವಾಗಿತ್ತು. ಅಂಗಡಿಯವನು ಎರಡು ಸುರುಳಿಗಳನ್ನು ಗಾಜಿನ ಕಟ್ಟೆಯ ಮೇಲೆ ಬಿಚ್ಚಿದ. ಒಂದು ಚಿಕ್ಕದು, ನಲವತ್ತೊಂಬತ್ತು ಮನೆಗಳದು, ಅಂದರೆ ಬೆರಳಿಡುವ ಪಟ್ಟಿಗಳದು. ಬ್ಯಾಟರಿ ಹಾಕಿದರೆ ಸಾಕು, ಅದರ ಮೈಯಲ್ಲೇ ಪುಟ್ಟ ಸ್ಪೀಕರು. ಇನ್ನೊಂದು ಅರವತ್ತೊಂದು ಮನೆಗಳದು. ಅದಕ್ಕೆ ಬೇರೆ ಸ್ಪೀಕರ್ ಡಬ್ಬಿ, ಕರೆಂಟಿಗೆ ಹಚ್ಚುವ ಅಡಾಪ್ಟರು, ಕಾಲಲ್ಲಿ ಒತ್ತುವ ಪೆಡಲು, ಮತ್ತು ಇವನ್ನೆಲ್ಲ ತುಂಬಲು ಒಂದು ಚೀಲ.

ಚಿಕ್ಕದನ್ನು ಕಂಡೊಡನೆ ನನ್ನ ತುಟಿ ವಕ್ರವಾಯಿತು. “ಇದು ಹುಡುಗರ ಆಟಿಗಿ ಸಾಮಾನು,” ಎಂದೆ. ಭರಮಣ್ಣನವರು ಅದರ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಧೋತರದ ನೇಯ್ಗೆಯ ಪೋತ ನೋಡುವಂತೆ ಉಜ್ಜಿ, “ತೆಳು ಐತ್ರಿ,” ಎಂದು ತೀರ್ಪಿತ್ತರು. ದೊಡ್ಡದರಲ್ಲಿ ನೂರಾರು ದನಿಗಳಿದ್ದವು. ಅಂಗಡಿಯವನು ಗುಂಡಿ ಒತ್ತಿದಂತೆ ಅದು ಪಿಟೀಲಾಯಿತು, ತುತೂರಿಯಾಯಿತು, ಕಡಲ ತೆರೆಯಾಯಿತು, ಕಡೆಗೆ ನಾಯಿಯಾಗಿ ಬೊಗಳಿತು. ನಾಯಿಗೆ ಭರಮಣ್ಣನವರು ಪೂರ್ತಿ ಸೋತರು. ನಾನು ಗಂಭೀರವಾಗಿ, “ಹಾರ್ಮೋನಿಯಂ ದನಿ ಕೇಳಸ್ರಿ,” ಎಂದೆ. ನೆಗಡಿಯಾದ ಹಂಸವೊಂದು ಕರೆದಂತಾಯಿತು. ನಾನು ಕಣ್ಣು ಮುಚ್ಚಿ, ಅರ್ಧ ಗಳಿಗೆ ತಡೆದು, ತಲೆದೂಗಿದೆ.

“ನುಡಸವರು ಯಾರ್ರಿ?” ಎಂದ ಅಂಗಡಿಯವನು.

ನಾವು ಹೇಳಿದೆವು.

“ಮತ್ತ ಅವರನ್ನ ಯಾಕ ಕರಕೊಂಡ ಬರಲಿಲ್ಲರಿ? ಬೆರಳ ಅವರದು, ಆರಸೂದು ನೀವು?”

ನಾನು ಭರಮಣ್ಣನವರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ವಾಸ್ತವವಾಗಿ ಆ ವಿಚಾರ ಇಬ್ಬರ ತಲೆಗೂ ಹೊಳೆದೇ ಇರಲಿಲ್ಲ. ಕನ್ಯೆಯನ್ನು ಬಿಟ್ಟು ವರನ ಎತ್ತರ ಅಳೆಯಲು ಹೋಗುವ ಹಿರಿಯರ ವಂಶದವರು ನಾವು, ಅಭ್ಯಾಸ ರಕ್ತದಲ್ಲಿತ್ತು. “ಅವರಿಗೆ ಅನಿರೀಕ್ಷಿತ ಸಂತೋಷ ಕೊಡೂದೈತಿ,” ಎಂದು ನಾನು ಸಮಯಸ್ಫೂರ್ತಿಯಿಂದ ಉತ್ತರಿಸಿದೆ. ದೊಡ್ಡದನ್ನೇ ಕೊಂಡೆವು. ಗೌರವಕ್ಕೆ ಕೊರತೆಯಾಗಬಾರದೆಂದು ಭರಮಣ್ಣನವರು ಅದಕ್ಕೊಂದು ಕಬ್ಬಿಣದ ಸ್ಟ್ಯಾಂಡನ್ನೂ ಸೇರಿಸಿದರು. ಬಸ್ ನಿಲ್ದಾಣದವರೆಗೆ ಆ ಚೀಲವನ್ನೂ ಸ್ಟ್ಯಾಂಡನ್ನೂ ಸರದಿಯಂತೆ ಹೊರುತ್ತ ಇಬ್ಬರೂ ಏದುಸಿರು ಬಿಟ್ಟೆವು. ಹಗುರವಾದ ವಾದ್ಯವೊಂದನ್ನು ಕೊಳ್ಳಲು ಹೋಗಿದ್ದೆವೆಂಬುದು ಆಗಲೂ ನಮಗೆ ನೆನಪಾಗಲಿಲ್ಲ.

ಮುಂದಿನ ಗುರುವಾರ ಭರಮಣ್ಣನವರ ಮಾಳಿಗೆಯ ಮೇಲೆ ಸಮಾರಂಭ. ಗೋಕಾಕದಿಂದ ಗೌರಿಯೂ ನಾನೂ ಹೋಗಿದ್ದೆವು. ಅಕ್ಕೋರ ಕೈಯ ತೂಗುಬಟ್ಟೆ ಬಿಚ್ಚಿತ್ತಾದರೂ ಹೆಗಲು ಇನ್ನೂ ಮೇಲೇಳುತ್ತಿರಲಿಲ್ಲ. ಶಾಲು, ತೆಂಗಿನಕಾಯಿ, ಒಂದು ಡಬ್ಬಿ ಕರದಂಟು ಕೊಟ್ಟ ಮೇಲೆ ನಾನು ಮಾತಿಗೆ ನಿಂತೆ. ‘ಸಂಪ್ರದಾಯ ಮತ್ತು ಆಧುನಿಕತೆಯ ಸಾಮರಸ್ಯ’ ಎಂಬ ವಿಷಯ ತಾನಾಗಿಯೇ ಒದಗಿ ಬಂದಿತ್ತು. ವಾರದ ಹಿಂದೆ ಫೋನಿನಲ್ಲಿ ನಾನೇ ಅದರ ವಿರುದ್ಧ ವಾದಿಸಿದ್ದು ಭರಮಣ್ಣನವರೊಬ್ಬರಿಗೆ ಗೊತ್ತಿತ್ತು, ಅವರು ಸಜ್ಜನರು. ಅಕ್ಕೋರು ಮುಕ್ಕಾಲು ತಾಸು ನೆಟ್ಟಗೆ ಕೂತು ಕೇಳಿದರು. ಅವರು ಎಡಗೈಯಿಂದ ಬಲಹೆಗಲನ್ನು ಒತ್ತಿಕೊಳ್ಳುತ್ತಿದ್ದುದನ್ನು ನಾನು ಭಾವಾವೇಶವೆಂದು ತಿಳಿದೆ.

ಬಳಿಕ ವಾದ್ಯ ಬಿಚ್ಚಿದರು. ಅದು ಎರಡೂ ಕಡೆಯಿಂದ ಮುದುಡಿ ಮತ್ತೆ ಸುರುಳಿಯಾಯಿತು. ಹಿರಿಯ ಸೊಸೆ ಕೆಳಗಿನ ಅಂಗಡಿಯಿಂದ ಬಟ್ಟೆ ಅಳೆಯುವ ಕಬ್ಬಿಣದ ಮೀಟರುಕೋಲು ತಂದು ಅದರ ನೆತ್ತಿಯ ಮೇಲಿಟ್ಟಳು. ಅಕ್ಕೋರು ಷಡ್ಜದ ಮನೆಯ ಮೇಲೆ ಬೆರಳಿಡುವಷ್ಟರಲ್ಲಿ, ಸಹಾಯಕ್ಕೆಂದು ಬಾಗಿದ ಭರಮಣ್ಣನವರ ಕೈ ಯಾವುದೋ ಗುಂಡಿಗೆ ತಾಗಿ ನಾಯಿ ಬೊಗಳಿತು. ನಗೆ ಅಡಗುವ ಮೊದಲೇ ಕರೆಂಟು ಹೋಯಿತು. ಆ ದಿನಗಳಲ್ಲಿ ಮೂಡಲಗಿಯಲ್ಲಿ ಮಧ್ಯಾಹ್ನ ಹೋದ ಕರೆಂಟು ಸಂಜೆಗೆ ಬರುವುದು ಎಲ್ಲರಿಗೂ ತಿಳಿದ ವಿಷಯ. ವಾದ್ಯ ಆರಿಸಿದ ನಮ್ಮಿಬ್ಬರ ಹೊರತಾಗಿ.

ಅಕ್ಕೋರು ಸತ್ತ ಮನೆಗಳ ಮೇಲೆ ಒಮ್ಮೆ ಬೆರಳಾಡಿಸಿ ಕೇಳಿದರು: “ಇದರಾಗ ಸಣ್ಣದು ಇರಲಿಲ್ಲೇನ್ರಿ ಸರ? ಶೆಲ್ಲಿನ ಮ್ಯಾಲೆ ನಡಿಯೂದು?”

“ಇತ್ತು. ಆದ್ರ ಅದು ನಿಮ್ಮ ಯೋಗ್ಯತಾಕ್ಕ...” ಎಂದೆ.

“ನನ್ನ ಯೋಗ್ಯತಾ ಇರಲಿ ಬಿಡ್ರಿ. ನನ್ನ ಹೆಗಲ ಕೇಳಬೇಕಿತ್ತು ನೀವು.”

ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಚುಚ್ಚಿತು. ಭರಮಣ್ಣನವರು ಮೀಟರುಕೋಲನ್ನು ತೆಗೆದುಕೊಂಡು ಅದರ ಮೇಲಿನ ಅಂಕಿಗಳನ್ನು ಪರೀಕ್ಷಿಸತೊಡಗಿದರು.

ಆಗ ಮೂಲೆಯಲ್ಲಿದ್ದ ಗೌರಿ ಎದ್ದು ಬಂದು ಪಿಯಾನೋವನ್ನು ಸುತ್ತಿದಳು. “ನಾಳೆ ನಾನೂ ಅಕ್ಕೋರೂ ಬೆಳಗಾವಿಗೆ ಹೋಗಿ ಬದಲಿ ಮಾಡಿಸಿಕೊಂಡು ಬರ್ತೇವಿ,” ಎಂದಳು. ನಾನೂ ಬರುವೆನೆಂದೆ. “ಬ್ಯಾಡ್ರಿ,” ಎಂದಳು. ಆ ‘ಬ್ಯಾಡ್ರಿ’ಯಲ್ಲಿ ‘ರಿ’ ಬರಿಯ ಶಿಷ್ಟಾಚಾರದ್ದಾಗಿತ್ತು.

ಮರುದಿನ ಊಟದ ಹೊತ್ತಿಗಾಗಲೇ ತಿರುಗಿ ಬಂದಿದ್ದರು. ಅಂಗಡಿಯಲ್ಲಿ ಅವರಿಗೆ ಹಿಡಿದದ್ದು ಕಾಲು ತಾಸಂತೆ. ಅಕ್ಕೋರು ಚಿಕ್ಕದನ್ನು ನೆಲದ ಮೇಲೆ ಹಾಸಿ, ಒಂದೊಂದೇ ಮನೆ ಒತ್ತಿ, ಮೆಲ್ಲಗೆ ಒತ್ತಿದರೆ ದನಿ ಕೊಡದ ಒಂದನ್ನು ಬೇಡವೆಂದು, ಅದೇ ನಮೂನೆಯ ಬೇರೆಯದನ್ನು ತರಿಸಿ, ಕೂತಲ್ಲೇ ಒಂದು ಸಾಲು ಹಾಡಿ ನೋಡಿ, ಸುತ್ತಿ, ಜೋಳಿಗೆಗೆ ಹಾಕಿಕೊಂಡು ಎದ್ದರಂತೆ. ನಾಯಿ ಬೊಗಳುತ್ತದೆಯೇ ಎಂದು ಕೇಳಲಿಲ್ಲ.

ಆದರೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ಸೋಮವಾರ ಅಕ್ಕೋರು ಪಡಸಾಲೆಗೆ ಬಂದಾಗ, ತಪ್ಪೊಪ್ಪಿಗೆಯ ಮಾತಿಗೆ ಬಾಲವಾಗಿ, “ಆದ್ರೂ ಅಕ್ಕೋರ, ಆ ಹಳೀ ಪೇಟಿ ಮನ್ಯಾಗ ಕೂತತಲ್ಲ, ಒಂದು ಪರಂಪರಾನ ಕೈಬಿಟ್ಟಂಗಾತು,” ಎಂದು ನಿಟ್ಟುಸಿರಿಟ್ಟೆ.

ಅವರು ಜೋಳಿಗೆಯಿಂದ ಸುರುಳಿ ತೆಗೆಯುತ್ತಿದ್ದವರು ತಲೆ ಎತ್ತಿದರು. ಮೊದಲ ಸಲ ನನ್ನನ್ನು ನೋಡಿ ನಕ್ಕರು.

“ನೋಡವರಿಗೆ ಅದು ಪರಂಪರಾ ರಿ ಸರ. ಹೊತ್ತವರಿಗೆ ಪೇಟಿ.”

ಇದಕ್ಕೆ ಟಿಪ್ಪಣಿ ಬರೆಯಲು ನನ್ನ ಮೂವತ್ತು ವರ್ಷದ ಅಧ್ಯಾಪನ ಸಾಲದು.

ಪಾಠ ಶುರುವಾಯಿತು. ಹೊಸ ವಾದ್ಯದ ದನಿ, ಪಕ್ಷಪಾತವಿಲ್ಲದೆ ಹೇಳುವುದಾದರೆ, ಕೊಡದೊಳಗೆ ಸಿಕ್ಕ ಜೇನ್ನೊಣದಂತಿತ್ತು. ಅಕ್ಕೋರು ಅದನ್ನು ಮುಚ್ಚಿಡಲೂ ಇಲ್ಲ. “ಇದರ ದನಿ ಸಣ್ಣದೈತ್ರೆವಾ, ಖರೆ. ಇಷ್ಟು ದಿನ ನೀವೆಲ್ಲಾ ಪೇಟಿ ಹಿಂದ ಅಡಗಿ ಹಾಡ್ತಿದ್ರಿ. ಇನ್ನ ಅಡಗಾಕ ಜಾಗಾ ಇಲ್ಲ. ಒಬ್ಬೊಬ್ಬರ ಹಾಡ್ರಿ,” ಎಂದರು.

ನಾನು ಬೆತ್ತದ ಕುರ್ಚಿಯಲ್ಲಿ ಪತ್ರಿಕೆ ಬಿಡಿಸಿಕೊಂಡಿದ್ದೆ. ಒಬ್ಬರು ತಡವರಿಸಿದರು, ಇನ್ನೊಬ್ಬರು ನಡುವೆ ನಕ್ಕು ನಿಲ್ಲಿಸಿದರು. ಮೂರನೆಯ ದನಿ ಎದ್ದಿತು. ಮೊದಲ ಸಾಲಿನಲ್ಲಿ ಸ್ವಲ್ಪ ಒರಟಾಗಿ, ಕತ್ತಲಲ್ಲಿ ಕಾಲಿಟ್ಟು ದಾರಿ ನೋಡುವಂತೆ ಬಂದದ್ದು, ಎರಡನೆಯ ಸಾಲಿಗೆ ತಾರಕಕ್ಕೇರಿ ಅಲ್ಲಿ ಅಲುಗದೆ ನಿಂತಿತು. ನಾನು ಪತ್ರಿಕೆ ಇಳಿಸಿದೆ. ಇಷ್ಟು ಒಳ್ಳೆಯ ಕಂಠ ನಮ್ಮ ಓಣಿಯಲ್ಲಿ ಯಾರದೆಂದು ಕೇಳಲು, ವಾಡಿಕೆಯಂತೆ, ಗೌರಿಯ ಕಡೆಗೆ ತಿರುಗಿದೆ. ಹಾಡುತ್ತಿದ್ದವಳು ಅವಳು.

ಮದುವೆಯಾಗಿ ಇಪ್ಪತ್ತೆರಡು ವರ್ಷ. ಅದರಲ್ಲಿ ಮೂರು ವರ್ಷ ಐದು ಮಾರು ದೂರದಲ್ಲಿ ಕುಳಿತ ರಸಿಕ ನಾನು. ಮೆಚ್ಚುಗೆಯ ವಾಕ್ಯಗಳು ನನ್ನ ಬಳಿ ಯಾವಾಗಲೂ ಸಿದ್ಧವಿರುತ್ತವೆ. ಆ ಹೊತ್ತು ಒಂದೂ ಹತ್ತಿರ ಬರಲಿಲ್ಲ. ಹಾಡು ಮುಗಿಯಿತು. “ಇನ್ನೊಮ್ಮೆ,” ಎಂದರು ಅಕ್ಕೋರು. ಗೌರಿ ಗಡಿಯಾರದತ್ತ ನೋಡಿದಳು. ಚಹಾದ ಹೊತ್ತಾಗಿತ್ತು.

ನಾನು ಎದ್ದು ಒಳಗೆ ಹೋಗಿ ಒಲೆ ಹಚ್ಚಿದೆ. ಸಕ್ಕರೆಯ ಡಬ್ಬಿ ಹುಡುಕುವುದಕ್ಕೇ ಅರ್ಧ ಹಾಡು ಮುಗಿಯಿತು. ಹದಿನಾಲ್ಕು ಮಂದಿಗೆ ಎಷ್ಟು ಸಕ್ಕರೆ ಹಾಕಬೇಕೆಂದು ಕೇಳಲು ಬಾಗಿಲಿಗೆ ಬಂದು ಬಾಯಿ ತೆರೆದವನು, ಅವಳು ಕಣ್ಣು ಮುಚ್ಚಿ ಹಾಡುತ್ತಿದ್ದುದನ್ನು ಕಂಡು, ಸುಮ್ಮನೆ ಮರಳಿದೆ. ಚಹಾ ಪಾಕದಂತಾಗಿತ್ತೆಂದು ಹನ್ನೊಂದು ಮಂದಿಯೂ ಅಕ್ಕೋರೂ ನಗುತ್ತ ಹೇಳಿದರು. ಗೌರಿ ಅದನ್ನು ಪೂರ್ತಿ ಕುಡಿದು, ಬರಿದಾದ ಲೋಟವನ್ನು ನನ್ನ ಕೈಗೆ ಕೊಟ್ಟು, ಮುಂದಿನ ಸಾಲಿಗೆ ಶ್ರುತಿ ಹಿಡಿದಳು.