ಮಂಜು ಕಟ್ಟಿದ ನಲವತ್ತು ವಿಮಾನ

ಹನಿಯಕ್ಕನ ಎಡ ಹುಬ್ಬಿನ ಮೇಲೆ ಗಾಯದ ಗೆರೆಯೊಂದಿದೆ. ಕೇಳಿದವರಿಗೆಲ್ಲ "ವಿಮಾನ ಅಪಘಾತ" ಅನ್ನುತ್ತಾರೆ. ಜನ ನಕ್ಕು ಸುಮ್ಮನಾಗುತ್ತಾರೆ. ಒಂದು ಮಧ್ಯಾಹ್ನ ನನ್ನ ಪಕ್ಕ ಕೂತು ಪೂರ್ತಿ ಹೇಳಿದರು.

ಮೇಜಿನ ಮೇಲೆ ಆಡುವ ಯುದ್ಧದಾಟದ ಪುಟ್ಟ ವಿಮಾನಗಳಿಗೆ ಕಾಲು ಕೂಡಿಸುವುದು ಅವರ ಕೆಲಸ. ಹೆಬ್ಬೆರಳಿನಷ್ಟು ವಿಮಾನ, ಅದರ ಹೊಟ್ಟೆಗೆ ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್ ಕಡ್ಡಿ, ಕಡ್ಡಿಯ ಬುಡಕ್ಕೆ ಅಂಥದ್ದೇ ಒಂದು ಬಿಲ್ಲೆ. ಕಡ್ಡಿ ಕಣ್ಣಿಗೆ ಬೀಳಬಾರದು, ವಿಮಾನ ಹಾರುತ್ತಿದೆ ಅನ್ನಿಸಬೇಕು. ಅಂಟು ಒಂದೇ ಹನಿ. ಹನಿಯಕ್ಕ ಎಂಬ ಅಡ್ಡಹೆಸರು ಬಂದದ್ದು ಹಾಗೆ.

ಆ ಹನಿಗಾಗಿ ಅವರು ಒಂದು ವರ್ಷ ಹೊಡೆದಾಡಿದ್ದಾರೆ. ಪ್ರತಿ ಅಂಟಿಗೂ ಎರಡೆರಡು ವಿಮಾನ ನಿಲ್ಲಿಸಿ, ಒಣಗಿದ ಮೇಲೆ ನೆಲಕ್ಕೆ ಎಸೆಯುವುದು, ಗೋಡೆಗೆ ಬಡಿಯುವುದು, ಇಕ್ಕಳದಲ್ಲಿ ಕತ್ತು ತಿರುಚುವುದು. "ಆಟದಲ್ಲಿ ಸೋತವನು ಮೇಜು ಗುದ್ದೇ ಗುದ್ದುತ್ತಾನೆ. ಅವನಿಗಿಂತ ಮೊದಲು ನಾನು ಗುದ್ದಿರಬೇಕು," ಅನ್ನುವರು. ಎರಡು ಟ್ಯೂಬು ಕಲಸಿ ಹಚ್ಚುವ ಅಂಟು ತಿಂಗಳೊಳಗೆ ಹಳದಿಯಾಯಿತು. ಕ್ಷಣದಲ್ಲಿ ಹಿಡಿಯುವ ಅಂಟು ಒಂದೇ ಪೆಟ್ಟಿಗೆ ಟಕ್ಕೆಂದು ಬಿಟ್ಟುಕೊಂಡಿತು. ಕೊನೆಗೆ ಉಳಿದದ್ದು ಹಾಲಿನಂಥ ಬಿಳಿ ಅಂಟು. ಒಣಗಿದರೆ ನೀರಿನಷ್ಟು ತಿಳಿ, ಏಟು ಬಿದ್ದರೆ ಕೊಂಚ ಬಾಗಿ ಮತ್ತೆ ನಿಲ್ಲುತ್ತದೆ. ಆದರೆ ಒಣಗಲು ಒಂದು ಇಡೀ ದಿನ ಬೇಕು.

ಇಡೀ ದಿನ ಕಾಯುವುದು ಅವರ ತಮ್ಮನ ಜಾಯಮಾನದಲ್ಲೇ ಇರಲಿಲ್ಲ. ಕಡ್ಡಿ, ಬಿಲ್ಲೆ ಕತ್ತರಿಸುವವನು ಅವನೇ. ಇಬ್ಬರೂ ಕೆಲಸ ಮಾಡುವ ಕೋಣೆಯ ಬಾಡಿಗೆ ಚೀಟಿ ಅವನ ಹೆಸರಲ್ಲಿ, ಬೀಗದ ಕೈ ಅವನ ಸೊಂಟದಲ್ಲಿ. ಬೀದಿಯವರು ಅವನನ್ನು ಪಟಾಕಿ ಅನ್ನುತ್ತಿದ್ದರು. ಬಾಗಿಲಿಗೆ, ಗೋಡೆಗೆ, ಒಮ್ಮೆ ಹಾಲಿನವನ ಮುಖಕ್ಕೆ, ಅವನ ಮುಷ್ಟಿ ಬೀಳದ ಜಾಗವಿರಲಿಲ್ಲ.

ಆ ವಾರ ಅರವತ್ತು ವಿಮಾನದ ಕೆಲಸ ಬಂದಿತ್ತು. ಶುಕ್ರವಾರ ಬೆಳಿಗ್ಗೆ ಪಂದ್ಯ. ಆಟದಂಗಡಿಯ ಯಜಮಾನರು ಮೊದಲೇ ಹೇಳಿಬಿಟ್ಟಿದ್ದರು: "ಅಕ್ಕಾ, ಹೋದ ಸಲ ಎರಡು ಬಿದ್ದವು. ಈ ಸಲ ಒಂದು ಕೆಟ್ಟರೂ ಬೇರೆಯವರನ್ನ ನೋಡ್ಕೋತೀನಿ." ಅವರನ್ನು ಬಿಟ್ಟರೆ ಬೇರೆ ಗಿರಾಕಿಯಿಲ್ಲ. ಅಂದರೆ ಆ ಕೋಣೆ ಮುಚ್ಚಿದ ಹಾಗೆ.

ಇಪ್ಪತ್ತು ಮುಗಿದ ಮೇಲೆ, ಮಂಗಳವಾರ, ಹನಿಯಕ್ಕ ಹಲ್ಲು ಕೀಳಿಸಲು ಹೋದರು. ಬುಧವಾರ ಬೆಳಿಗ್ಗೆ ಬಂದಾಗ ತಗಡಿನ ಡಬ್ಬವೊಂದನ್ನು ತಮ್ಮ ಮೇಜಿನ ಮೇಲೆ ಕುಕ್ಕಿದ.

"ನೋಡಕ್ಕಾ, ಒಂದೇ ಮಧ್ಯಾಹ್ನಕ್ಕೆ ನಲವತ್ತು! ನೀನಾಗಿದ್ರೆ ಕೂದಲು ಹಣ್ಣಾಗೋವರೆಗೂ ಹಚ್ತಾ ಕೂತಿರ್ತಿದ್ದೆ."

ಮುಚ್ಚಳ ತೆಗೆದರು. ನಲವತ್ತು ಕಡ್ಡಿ, ನಲವತ್ತು ಬಿಲ್ಲೆ, ಎಲ್ಲದಕ್ಕೂ ಪೊರೆ ಬಂದ ಕಣ್ಣಿನಂತೆ ಬಿಳಿ ಮಂಜು ಹಿಡಿದಿತ್ತು.

"ಕ್ಷಣದ ಅಂಟು ಹಚ್ಚಿದ್ಯಾ?"

"ಹೂಂ. ಒರೆಸಿದ್ರೆ ಹೋಗತ್ತೆ ಬಿಡು."

"ಹೋಗಲ್ಲ ಕಣೋ. ಅದರ ಆವಿ ಹೊರಗೆ ಹೋಗೋಕೆ ಗಾಳಿ ಬೇಕು. ಡಬ್ಬ ಯಾಕೆ ಮುಚ್ಚಿದೆ?"

"ಧೂಳು ಬೀಳಬಾರದು ಅಂತ! ಒಳ್ಳೇದು ಮಾಡಿದ್ರೂ ನಿನ್ನ ಹತ್ರ ಬೈಸ್ಕೋಬೇಕು."

"ಕೈಯಲ್ಲಿ ಬರೀ ಮುಷ್ಟಿ ಇರೋನು ಅಂಟು ಮುಟ್ಟಬಾರದು."

ಆ ಮಾತು ಆಡಬಾರದಿತ್ತು ಎಂದು ಹನಿಯಕ್ಕ ಈಗಲೂ ಅನ್ನುತ್ತಾರೆ. ಅವನು ಮರದ ಸುತ್ತಿಗೆ ಎತ್ತಿ ಬೀಸಿದ. ಹುಬ್ಬು ಸೀಳಿತು. ಅವರು ಸ್ಟೂಲಿನ ಜೊತೆಗೇ ಹಿಂದಕ್ಕೆ ಉರುಳಿದರು. ಅವನು ಸುತ್ತಿಗೆ ಬಿಸುಟು ಒದ್ದ, ಒಂದಲ್ಲ, ಮೂರು ಸಲ, ಪಕ್ಕೆಗೆ. ಆಮೇಲೆ ಕ್ಷಣದ ಅಂಟಿನ ದೊಡ್ಡ ಬಾಟಲಿ ಹಿಡಿದು, "ಇದೇ ತಾನೇ ನಿಂಗೆ ಆಗದೇ ಇರೋದು? ಬಾಯಿಗೆ ಹೊಯ್ದು ಹೊಲಿದುಬಿಡ್ತೀನಿ!" ಎಂದು ಮೇಲೆ ಬಗ್ಗಿದ. ಸಿಟ್ಟಿಗೆ ಮುಷ್ಟಿ ಬಿಗಿಯಾಯಿತು, ಬಾಟಲಿ ಒಡೆಯಿತು. ಅಂಟು ಅಂಗೈ ತುಂಬಿ ಮೊಣಕೈಗೆ ಹರಿಯಿತು.

ಅವನು ಮೇಜಿನ ಮೇಲಿದ್ದ ಹತ್ತಿ ಬಟ್ಟೆಗೆ ಕೈ ಚಾಚಿದ.

"ಬಟ್ಟೆ ಬೇಡ!" ನೆಲದಿಂದಲೇ ಹನಿಯಕ್ಕ ಕಿರುಚಿದರು. "ಹತ್ತಿ ಮುಟ್ಟಬೇಡ, ಸುಡತ್ತೆ!"

"ಬಾಯ್ಮುಚ್ಚೇ!" ಎಂದು ಒರೆಸಿಯೇಬಿಟ್ಟ.

ಆ ಅಂಟಿಗೂ ಹತ್ತಿಗೂ ಹಗೆ. ಸೇರಿದರೆ ಬೆಂಕಿಯಂತೆ ಕಾಯುತ್ತದೆ. ಬಟ್ಟೆಯಿಂದ ಹೊಗೆಯೆದ್ದಿತು. ಅವನು ಕೂಗುತ್ತಾ ಎಳೆದಷ್ಟೂ ಅದು ಚರ್ಮವನ್ನೇ ಹಿಡಿದು ಬಂತು. ಗೋಡೆಗೆ ಕೈ ಬಡಿದ, ಮೇಜು ಉರುಳಿಸಿದ. ಒಂದು ಕಣ್ಣಿಗೆ ರಕ್ತ ಇಳಿಯುತ್ತಿದ್ದ ಹನಿಯಕ್ಕ ಎದ್ದು, ಅವನ ಕತ್ತಿನ ಪಟ್ಟಿ ಹಿಡಿದು ನಲ್ಲಿಯ ಕೆಳಗೆ ತಳ್ಳಿ ನೀರು ಬಿಟ್ಟರು. "ಕೂತ್ಕೋ. ಎಳೀಬೇಡ. ಕೂತ್ಕೋ ಅಂದೆ!" ಅವನು ಕೂತ.

"ಸುಡಲಿ ಅಂತ ಬಿಡಬೇಕು ಅನ್ನಿಸಿತ್ತು," ಎಂದರು ನನಗೆ. "ಯೋಚಿಸೋಕೆ ದೇವರು ಅಷ್ಟು ಹೊತ್ತು ಕೊಡಲಿಲ್ಲ."

ಆಸ್ಪತ್ರೆಯಲ್ಲಿ ಅವನ ಅಂಗೈಗೆ ಪಟ್ಟಿ ಕಟ್ಟಿದರು. ಅಕ್ಕನ ಹುಬ್ಬಿಗೆ ಡಾಕ್ಟರು ಹೊಲಿಗೆ ಹಾಕಲಿಲ್ಲ, ಅಂಟು ಹಚ್ಚಿದರು. ಅದೂ ಕ್ಷಣದ ಅಂಟಿನ ಜಾತಿಯದ್ದೇ ಎಂದು ತಿಳಿದಾಗ ಒದೆ ತಿಂದ ಪಕ್ಕೆ ಹಿಡಿದುಕೊಂಡು ನಕ್ಕರಂತೆ.

ವಾಪಸು ಬಂದವರು ಮೇಜು ಎತ್ತಿ ನಿಲ್ಲಿಸಿದರು. ತಮ್ಮ ಬೀಸಿದ ಅದೇ ಸುತ್ತಿಗೆ ಹಿಡಿದು ಆ ನಲವತ್ತರಲ್ಲಿ ಒಂದೊಂದು ವಿಮಾನದ ಬುಡಕ್ಕೂ ಸಣ್ಣ ಏಟು ಕೊಟ್ಟರು. ಟಕ್. ಟಕ್. ಪ್ರತಿ ಏಟಿಗೂ ಮೂಲೆಯಲ್ಲಿ ಕೂತ ತಮ್ಮ ಬೆಚ್ಚುತ್ತಿದ್ದ. ಮಂಜು ಕಟ್ಟಿದ ಕಡ್ಡಿ, ಬಿಲ್ಲೆಗಳು ಕಸಕ್ಕೆ, ವಿಮಾನಗಳು ಸಾಲಿಗೆ. ಕತ್ತಲಾಗುವ ಮೊದಲು ಕಪಾಟಿನಲ್ಲಿದ್ದ ಹೊಸ ಕಡ್ಡಿ, ಬಿಲ್ಲೆಗಳಿಗೆ ಬಿಳಿ ಅಂಟು ಬಿತ್ತು, ನಲವತ್ತು ಹನಿ. ಆಮೇಲೆ ಅವನ ಮುಂದೆ ನಿಂತು ಕೈ ಚಾಚಿದರು.

"ಬೀಗದ ಕೈ."

ಎಡಗೈಯಲ್ಲಿ ಬಿಚ್ಚಿ ಕೊಟ್ಟ.

ಶುಕ್ರವಾರ ಯಜಮಾನರು ಅರವತ್ತನ್ನೂ ಬೆಳಕಿಗೆ ಹಿಡಿದು ನೋಡಿದರು, ಒಂದನ್ನು ಬೇಕೆಂದೇ ಕೆಡವಿದರು. ಅದು ಉರುಳಿತು, ಬಿಟ್ಟುಕೊಳ್ಳಲಿಲ್ಲ. "ಮುಂದಿನ ತಿಂಗಳು ಎಂಬತ್ತು," ಎಂದು ಹೋದರು.

ಸಂಜೆ ಹೊಸ್ತಿಲಾಚೆ ತಮ್ಮ ನಿಂತಿದ್ದ.

"ಅಕ್ಕಾ, ನನ್ನ ಒಳಗೆ ಬಿಡ್ತೀಯಾ?"

"ನಿನ್ನ ಕೈ ಒಣಗಲಿ, ನನ್ನ ಹುಬ್ಬೂ ಒಣಗಲಿ. ಆಮೇಲೆ ನೋಡೋಣ," ಎಂದು ಹನಿಯಕ್ಕ ಒಳಗಿನಿಂದ ಅಗುಳಿ ಹಾಕಿಕೊಂಡರು.