ಅಣ್ಣನ ಪಾಲಿನ ತೆನೆ

ಪೊರ್ಬುಗಳಿಗೆ ಮೊಣಕೈಯಿಂದ ಕೆಳಗೆ ಒಂದೇ ಒಂದು ರೋಮ ಇರಲಿಲ್ಲ. ವರ್ಷಗಟ್ಟಲೆ ಬೇಕರಿಯ ಒಲೆಗೆ ಕೈ ಹಾಕಿ ತೆಗೆದು ಎಲ್ಲ ಸುಟ್ಟುಹೋಗಿ, ಕೈ ಎಳೆಮಕ್ಕಳ ಕೈಯಂತೆ ನುಣ್ಣಗಾಗಿತ್ತು. ಅದರ ಮೇಲೆ ಹಳೆಯ ಸುಟ್ಟಗಾಯಗಳ ಬಿಳಿ ಗೆರೆಗಳು. ನಾನು ಅವರಲ್ಲಿ ಮೊದಲು ನೋಡಿದ್ದು ಮುಖವನ್ನಲ್ಲ, ಆ ಕೈಯನ್ನು. ಪ್ರವಾಸಿಗರನ್ನು ಹೊತ್ತು ಕೆರಿಬಿಯನ್ ದ್ವೀಪಗಳನ್ನು ಸುತ್ತುವ ಒಂದು ದೊಡ್ಡ ಹಡಗಿನಲ್ಲಿ ನಾನು ನರ್ಸ್, ಅವರು ಬೇಕರಿಯ ಮುಖ್ಯಸ್ಥರು. ಹೊಸ ಗಾಯವೊಂದನ್ನು ಹೊತ್ತುಕೊಂಡು, ಯಾರದೋ ಗಾಯ ತೋರಿಸಲು ಬಂದವರಂತೆ ನನ್ನೆದುರು ಕೂತರು.

ಎಲ್ಲಿಯವರು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಇಂಡಿಯಾ ಎಂದರು. ಇಂಡಿಯಾದಲ್ಲಿ ಎಲ್ಲಿ? ಮಂಗಳೂರು. ನಮ್ಮ ಕಾಸರಗೋಡಿನವರಿಗೆ ಇದೊಂದು ಚಾಳಿ. ಕಾಸರಗೋಡು ಎಂದರೆ ಕೇರಳ ಎನ್ನಬೇಕು, ಕೇರಳ ಎಂದರೆ ಮಲಯಾಳದಲ್ಲಿ ಮಾತಾಡಿಸುತ್ತಾರೆ, ಆಮೇಲೆ ಉದ್ದದ ಕತೆ. ಅದರ ಬದಲು ಮಂಗಳೂರು ಎಂದುಬಿಟ್ಟರೆ ಸುಲಭ. ನಾನೂ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದವಳು. ಮಂಗಳೂರಲ್ಲಿ ಎಲ್ಲಿ ಎಂದು ಬಿಡದೆ ಕೇಳಿದಾಗ, ನಿಮಗೆ ಗೊತ್ತಾಗಲಿಕ್ಕಿಲ್ಲ ಎಂಬ ಮುಖ ಮಾಡಿ "ಪೆರ್ಲ" ಎಂದರು.

"ಪೆರ್ಲದಲ್ಲಿ ಎಲ್ಲಿ ಮಾರಾಯ್ರೆ?" ಎಂದೆ ಕನ್ನಡದಲ್ಲಿ. "ನಾನು ಮುಳ್ಳೇರಿಯ."

ಔಷಧಿ ಹಚ್ಚಿಸಿಕೊಳ್ಳುತ್ತಿದ್ದ ಕೈಯನ್ನು ಎಳೆದುಕೊಂಡು, ಎದ್ದು ನಿಂತು, ಮತ್ತೆ ಕೂತರು. ಅವತ್ತಿನಿಂದ ಅವರು ನನಗೆ ಪೊರ್ಬುಗಳು, ನಾನು ಅವರಿಗೆ ಸಿಸ್ಟರ್. ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರೈಸ್ತರ ಗಂಡಸರನ್ನು ಮರ್ಯಾದೆಯಿಂದ ಪೊರ್ಬುಗಳು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ರೂಢಿ. ಹಡಗಿನಲ್ಲಿ ಎಲ್ಲರೂ ಅವರನ್ನು ಶೆಫ್ ಎನ್ನುತ್ತಿದ್ದರು. ಪೊರ್ಬುಗಳೇ ಎಂದು ಕರೆದರೆ ಮಾತ್ರ ಅವರ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತಿತ್ತು.

ಗಡಿಬಿಡಿ ಎಂಬುದು ಅವರ ಜಾತಕದಲ್ಲೇ ಇರಲಿಲ್ಲ. ಕೆಳಗಿನವರು ಹೊತ್ತಾಯಿತೆಂದು ಓಡಾಡುತ್ತಿದ್ದರೆ "ಹಿಟ್ಟಿಗೇ ಗಡಿಬಿಡಿ ಇಲ್ಲ, ನಿಮಗೆಂತಕ್ಕೆ?" ಎನ್ನುತ್ತಿದ್ದರು. ರೊಟ್ಟಿ ಬೆಂದಿದೆಯೋ ಎಂದು ತಿಳಿಯಲು ಅದನ್ನು ಕವುಚಿ, ಬೆನ್ನಿಗೆ ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿಯುತ್ತಿದ್ದರು. ಯಾವ ಊರಿನ ಬೇಕರಿಗೆ ಹೋದರೂ ಇದನ್ನು ಮಾಡಿಯೇ ರೊಟ್ಟಿ ಕೊಳ್ಳುವುದು. ಅಂಗಡಿಯವರು ದುರುಗುಟ್ಟಿ ನೋಡಿದರೆ ನಾನು ಬೇರೆ ಕಡೆ ನೋಡುತ್ತಿದ್ದೆ.

ನಮ್ಮ ಹಡಗು ಸಾಂಟೊ ಡೊಮಿಂಗೊದಲ್ಲಿ ನಿಲ್ಲುತ್ತಿತ್ತು. ಸ್ಪೇನಿನವರು ಆ ಕಡೆಯ ಸಮುದ್ರ ದಾಟಿ ಬಂದು ಮೊದಮೊದಲು ಕಟ್ಟಿಸಿದ ಊರು ಅದು. ಹಳೆಯ ಕೇರಿ ನದಿಯ ದಡದಲ್ಲೇ ಇದೆ, ಹಡಗಿನಿಂದ ಇಳಿದು ನಡೆದೇ ಹೋಗಬಹುದು. ಬೇರೆ ಬಂದರುಗಳಲ್ಲಿ ನಿದ್ದೆ ಮಾಡುವ ಪೊರ್ಬುಗಳು ಅಲ್ಲಿ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾಲಿಶ್ ಹಾಕಿದ ಬೂಟು ತೊಟ್ಟು, ಪೂಜೆಗೆ ಹೊರಟವರ ಹಾಗೆ ಇಳಿಯುತ್ತಿದ್ದರು. "ಬರ್ತೀರಾ ಸಿಸ್ಟರ್, ಒಂದು ಊರು ತೋರಿಸ್ತೇನೆ" ಎಂದರು ಒಂದು ಸಲ. ನನಗೆ ಊರು ನೋಡುವ ಹುಚ್ಚಿಲ್ಲ. ಅಗ್ಗದ ಫೋನ್ ಬೂತ್ ಸಿಕ್ಕಿದರೆ ಮನೆಗೆ ಮಾತಾಡಬಹುದೆಂದು ಹೋದೆ.

ಕಲ್ಲು ಹಾಸಿದ ಬೀದಿಗಳು, ಮರದ ಉಪ್ಪರಿಗೆಗಳು, ಹಳದಿ ನೀಲಿ ಗೋಡೆಗಳು, ಕಾಲುದಾರಿಯಲ್ಲಿ ಮೇಜು ಹಾಕಿ ಡೊಮಿನೊ ಆಡುವ ಮುದುಕರು. ಪೊರ್ಬುಗಳು ಪ್ರತಿ ಬೀದಿಯಲ್ಲೂ ನೆರಳಿರುವ ಬದಿಯನ್ನೇ ಹಿಡಿದು ನಡೆಯುತ್ತಿದ್ದರು. ಕೋಟೆಯ ಗೋಡೆಗೆ ಕೈಯಿಟ್ಟು, "ಎಂತ ಸಿಸ್ಟರ್, ಇದು ನಮ್ಮ ಬೇಕಲದ ಕೋಟೆಯೇ ಅಲ್ವಾ? ಕಲ್ಲಿನ ಬಣ್ಣ ಮಾತ್ರ ಬೇರೆ. ಯಾರು ಯಾರ ಊರಿಗೆ ಹೋದರೂ ಮೊದಲು ಒಂದು ಗೋಡೆ ಕಟ್ಟುವುದು" ಎಂದರು. ಕೊಬ್ಬರಿ ಮಿಠಾಯಿ ಮಾರುವವಳು ಅವರನ್ನು ಕಂಡು ಕೈ ಬೀಸಿದಳು. ಹೀಗೆ ಎಲ್ಲರಿಗೂ ಗುರುತು.

ಕೊನೆಗೆ ದೊಡ್ಡ ಇಗರ್ಜಿಯ, ಅಂದರೆ ಚರ್ಚಿನ, ಮುಂದಿನ ಚೌಕಕ್ಕೆ ಬಂದೆವು. ನನ್ನನ್ನು ಮರದಡಿಯ ಬೆಂಚಿನಲ್ಲಿ ಕೂರಿಸಿ ಒಳಗೆ ಹೋದರು. ಬಾಗಿಲ ಹತ್ತಿರ ಅಲ್ಲಿನ ಮುದಿ ಸೇವಕನೊಡನೆ ಏನೋ ಮಾತಾಡುತ್ತಿದ್ದದ್ದು ಕಂಡಿತು. ಬಹಳ ಹೊತ್ತಾಯಿತು. ಪ್ರಾರ್ಥನೆ ಎಂದುಕೊಂಡೆ, ಸೆಕೆಗೆ ಸಿಟ್ಟೂ ಬಂತು. ಹೊರಗೆ ಬಂದವರು ನನ್ನ ಪಕ್ಕ ಕೂತು, ಜೇಬಿನಿಂದ ಬೆಣ್ಣೆಕಾಗದದ ಸಣ್ಣ ಪೊಟ್ಟಣ ತೆಗೆದರು. ಒಳಗೆ ಸುಲಿದ ಭತ್ತದ ಕೆಲವು ಕಾಳುಗಳು. ಚೌಕದ ಪಾರಿವಾಳಗಳೆಲ್ಲ ಕಾಲಬುಡಕ್ಕೆ ಓಡಿಬಂದವು. "ನಿಮಗಲ್ಲ ಮಾರಾಯ್ರೆ, ಇದು ಮನೆಯವರಿಗೆ" ಎಂದು ಅವುಗಳನ್ನು ಓಡಿಸಿ, ಕಾಳುಗಳನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಆಯಿತು. ಅಣ್ಣ ತಿಂದ" ಎಂದರು.

ಸೆಪ್ಟೆಂಬರಿನಲ್ಲಿ ಅವರಿಗೆ ತೆನೆ ಹಬ್ಬ. ಮಾತೆ ಮರಿಯಳ ಹುಟ್ಟುಹಬ್ಬದ ದಿನ ಇಗರ್ಜಿಯಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಅದರ ಕಾಳು ಬಿಡಿಸಿ, ಜಜ್ಜಿ, ಹಾಲಿಗೆ ಸೇರಿಸಿ ಮನೆಯವರೆಲ್ಲ ಕೂತು ತಿನ್ನಬೇಕು. ದೂರದಲ್ಲಿರುವವರ ಪಾಲನ್ನು ಒಣಗಿಸಿ ಕಳಿಸಿಕೊಡುತ್ತಾರೆ, ಅದು ಮಸ್ಕತ್ತಿರಲಿ, ಮುಂಬೈ ಇರಲಿ. ಪೊರ್ಬುಗಳು ರಜೆಯನ್ನು ಹಬ್ಬಕ್ಕೆ ಹೊಂದಿಸಿ ಊರಿಗೆ ಹೋಗಿ, ಹೊಸತು ಉಂಡೇ ಮತ್ತೆ ಹಡಗು ಹತ್ತುತ್ತಿದ್ದರು. ಹಾಗಾದರೆ ಈ ಪೊಟ್ಟಣ ಯಾರದ್ದು ಎಂದು ಕೇಳಿದೆ.

"ನನ್ನ ಅಣ್ಣ ಈ ಊರಲ್ಲಿ ಹಡಗಿನಿಂದ ಇಳಿದವ ಮತ್ತೆ ಹತ್ತಲಿಲ್ಲ" ಎಂದರು. "ಇಲ್ಲಿಯೇ ಒಂದು ಬೇಕರಿಯಲ್ಲಿ ಕೆಲಸ ಹಿಡಿದ. ಕಾಗದಪತ್ರ ಎಂತದೂ ಇಲ್ಲ, ಊರಿಗೆ ಬರುವ ಹಾಗಿಲ್ಲ. ಮಾಯ್ ನನ್ನನ್ನು ಹಡಗಿಗೆ ಕಳಿಸಿದ್ದೇ ಅವನನ್ನು ಹುಡುಕ್ಲಿಕ್ಕೆ. ನಾನು ಬಂದು ಮುಟ್ಟುವಾಗ ಅವ ಜ್ವರದಲ್ಲಿ ಹೋಗಿ ಒಂದು ಮಳೆಗಾಲ ಕಳೆದಿತ್ತು."

"ಮನೆಯಲ್ಲಿ ಎಂತ ಹೇಳಿದ್ರಿ?"

"ಮನೆಯಲ್ಲಿ ಅವ ಬದುಕಿದ್ದಾನೆ."

ಮಾಯ್ ಎಂದರೆ ಅವರ ತಾಯಿ. ರಜೆಯಲ್ಲಿ ಹೋದ ಮಗನನ್ನು ಬಾಗಿಲಲ್ಲೇ ನಿಲ್ಲಿಸಿ, ಸಿಕ್ಕಿದನಾ ಎಂದು ಕೇಳಿದರಂತೆ. "ಚಪ್ಪಲಿ ಸಹ ತೆಗೆದಿರಲಿಲ್ಲ ನಾನು. ಅವರ ಮುಖ ನೋಡಿ, ಸಿಕ್ಕಿದ ಅಂದುಬಿಟ್ಟೆ. ನಾಳೆ ಹೇಳುವ, ಹಬ್ಬ ಕಳೆದ ಮೇಲೆ ಹೇಳುವ ಅಂತ ಇದ್ದೆ. ಹಬ್ಬದ ದಿನ ಅವರು ಅಣ್ಣನ ಪಾಲು ಕಟ್ಟಿ ಕೈಗೆ ಕೊಟ್ಟರು. ಮತ್ತೆ ಬಾಯಿ ಬರಲಿಲ್ಲ."

ಸಾವಿನ ಸುದ್ದಿ ಹೇಳುವುದು ನನ್ನ ಉದ್ಯೋಗದಲ್ಲಿ ಇದ್ದದ್ದೇ. ಸುದ್ದಿ ಮುಚ್ಚಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇದೆಂಥ ಬುದ್ಧಿ ಪೊರ್ಬುಗಳೇ, ಹೆತ್ತವಳಿಗೆ ಅಳುವುದಕ್ಕಾದರೂ ಬಿಡಬೇಡವೇ ಎಂದು ಅಲ್ಲೇ ಬೈದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, "ಬನ್ನಿ, ಅವ ಇದ್ದ ಮನೆ ತೋರಿಸ್ತೇನೆ" ಎಂದರು.

ಹಿಂದಿನ ಓಣಿಯಲ್ಲಿ ಒಂದು ನೀಲಿ ಬಾಗಿಲ ಮನೆ. ಅಣ್ಣನಿಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಮುದುಕಿ ಇನ್ನೂ ಇದ್ದಳು. ಒಳಗಿನ ಅಂಗಳದಲ್ಲಿ, ಸ್ಪೇನಿನವರ ಕಾಲದ ಕಲ್ಲಿನ ಕಂಬಗಳ ನಡುವೆ, ಮಾಳಿಗೆ ಮೀರಿ ಬೆಳೆದ, ನಮ್ಮ ಹಿತ್ತಲುಗಳಲ್ಲಿರುವ ಅದೇ ಹಲಸಿನ ಜಾತಿಯ ಜೀಗುಜ್ಜೆ ಮರ! ಅಣ್ಣ ನೆಟ್ಟದ್ದಂತೆ. ಮುದುಕಿ ಪಕ್ಕದ ಮನೆಯವನನ್ನು ಕರೆದು ಒಂದು ಜೀಗುಜ್ಜೆ ಕೊಯ್ಯಿಸಿ, ಹೋಳು ಮಾಡಿ ಕರಿದು, ಉಪ್ಪು ಉದುರಿಸಿ ಕೊಟ್ಟಳು. ನಮ್ಮ ಮನೆಯ ಜಗಲಿಯಲ್ಲಿ ಕೂತು ತಿಂದ ಹಾಗೆಯೇ ಇತ್ತು. ಯಾಕೋ ನನ್ನ ಸಿಟ್ಟು ಅಲ್ಲಿ ಇಳಿದುಹೋಯಿತು.

ಮುಂದೊಂದು ವರ್ಷ ನಮ್ಮಿಬ್ಬರ ರಜೆಯೂ ಒಟ್ಟಿಗೆ ಬಿತ್ತು. ತೆನೆ ಹಬ್ಬದ ಊಟಕ್ಕೆ ಬರಲೇಬೇಕು ಎಂದರು. "ಅವತ್ತು ನಮ್ಮಲ್ಲಿ ಮೀನು ಸಹ ಇಲ್ಲ, ಬರೀ ತರಕಾರಿ. ನಿಮ್ಮ ಮನೆಯವರಿಗೆ ಹೆದರಿಕೆ ಬೇಡ." ಆಮೇಲೆ ಸ್ವಲ್ಪ ತಡೆದು, "ಮಾಯ್ ಕೇಳಿದರೆ ಎಂತ ಹೇಳ್ತೀರಿ?" ಎಂದರು.

"ಸುಳ್ಳು ಹೇಳುವುದಿಲ್ಲ. ನೋಡಿದ್ದನ್ನು ಮಾತ್ರ ಹೇಳ್ತೇನೆ."

"ಅಷ್ಟು ಸಾಕು" ಎಂದರು.

ಪೆರ್ಲದಲ್ಲಿ ಬಸ್ಸಿಳಿದು ಆಟೊದಲ್ಲಿ ಹೋದೆ. ಮಾಯ್ ಹಿತ್ತಲ ಬದಿಯ ಮೆಟ್ಟಿಲಲ್ಲಿ ಕೂತು ತೆನೆಯ ಕಾಳು ಬಿಡಿಸುತ್ತಿದ್ದರು. ಸಣ್ಣ ದೇಹ, ಕಿವಿ ಮಂದ. ಫೋನಿನ ಹತ್ತಿರವೇ ಹೋಗದವರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೇರೆ ಮಾತೇ ಇಲ್ಲದೆ, "ನನ್ನ ದೊಡ್ಡವ ಇರುವ ಊರು ನೀನು ನೋಡಿದ್ದೀಯಂತೆ" ಎಂದರು.

ನಾನು ಜೋರಾಗಿ ಹೇಳಬೇಕಾಯಿತು. ಒಲೆಯ ಹತ್ತಿರ ಇದ್ದ ಪೊರ್ಬುಗಳ ಹೆಂಡತಿಗೂ ಬಾಗಿಲಲ್ಲಿ ನಿಂತಿದ್ದ ಪೊರ್ಬುಗಳಿಗೂ ಎಲ್ಲ ಕೇಳಿಸುತ್ತಿತ್ತು. ಬೀದಿಗಳನ್ನು ಹೇಳಿದೆ, ಇಗರ್ಜಿ ಹೇಳಿದೆ, ನೀಲಿ ಬಾಗಿಲು ಹೇಳಿದೆ. ಮರ ಹೇಳಿದೆ. ಮಾಯ್ ಕಾಳು ಬಿಡಿಸುತ್ತಲೇ ಇದ್ದರು.

"ಜೀಗುಜ್ಜೆ ಮರವಾ? ಅವ ನೆಟ್ಟದ್ದಾ?"

"ಹೌದು ಬಾಯಮ್ಮ, ಮಾಳಿಗೆಗಿಂತ ಎತ್ತರ ಹೋಗಿದೆ. ಒಳ್ಳೆ ಕಾಯಿ. ನಾನು ತಿಂದಿದ್ದೇನೆ."

"ಕೊಯ್ಯುವುದು ಯಾರು?"

"ಆ ಮನೆಯ ಅಜ್ಜಿ ಪಕ್ಕದ ಮನೆಯವನನ್ನು ಕರೆದು ಕೊಯ್ಯಿಸ್ತಾರೆ" ಎಂದೆ. ನೋಡಿದ್ದನ್ನೇ ಹೇಳಿದ್ದು.

ಮಾಯ್ ಅವರ ಕೈ ನಿಂತಿತು. ಹಿತ್ತಲಲ್ಲಿದ್ದ ತಮ್ಮದೇ ಜೀಗುಜ್ಜೆ ಮರದ ಕಡೆ ನೋಡಿದರು. ಅವರ ದೊಡ್ಡ ಮಗ ನಡೆಯಲು ಕಲಿತದ್ದಕ್ಕಿಂತ ಮೊದಲು ಮರ ಹತ್ತಲು ಕಲಿತವನು ಎಂದು ಪೊರ್ಬುಗಳೇ ನನಗೆ ಹಡಗಿನಲ್ಲಿ ನಗುತ್ತಾ ಹೇಳಿದ್ದರು. ತಾನು ನೆಟ್ಟ ಮರದ ಕಾಯಿ ಕೊಯ್ಯಲು ಅವನು ಇನ್ನೊಬ್ಬನನ್ನು ಕರೆಯುವವನಲ್ಲ. ಅದು ನನಗೆ ಹೊಳೆಯುವಾಗ ಮಾತು ಬಾಯಿಂದ ಜಾರಿಯಾಗಿತ್ತು. ಬಾಗಿಲಲ್ಲಿ ಪೊರ್ಬುಗಳು ಕಣ್ಣು ಮುಚ್ಚಿಕೊಂಡದ್ದು ಕಂಡಿತು.

ಮಾಯ್ ಉಳಿದ ಕಾಳನ್ನೂ ಬಿಡಿಸಿ ಮುಗಿಸಿದರು. ಬಾಳೆಲೆ ಹಾಕಿ ಎಲ್ಲರೂ ಕೂತೆವು. ಪ್ರತಿ ವರ್ಷ ಊಟಕ್ಕೆ ಮೊದಲು ಅಣ್ಣನ ಪಾಲನ್ನು ಎತ್ತಿಟ್ಟು ಪೊಟ್ಟಣ ಕಟ್ಟುವುದು ಕ್ರಮ. ಬೆಣ್ಣೆಕಾಗದ ಬದಿಯಲ್ಲೇ ಇತ್ತು. ಮಾಯ್ ಅದನ್ನು ಮುಟ್ಟಲಿಲ್ಲ, ಎಲ್ಲ ಕಾಳನ್ನೂ ಹಾಲಿನ ಪಾತ್ರೆಗೆ ಹಾಕಿಬಿಟ್ಟರು.

"ಹೊಸತು ಬದುಕಿರುವವರಿಗೆ" ಎಂದರು, ನನಗೂ ಕೇಳಲಿ ಎಂದೋ ಏನೋ, ಕನ್ನಡದಲ್ಲೇ. "ಹೋದವರಿಗೆ ಇಗರ್ಜಿಯಲ್ಲಿ ಪೂಜೆ ಇಡಿಸಬೇಕು. ಇಷ್ಟು ವರ್ಷ ನನ್ನ ಮಗುವಿಗೆ ಒಂದು ಪೂಜೆ ಸಹ ಇಲ್ಲದ ಹಾಗೆ ಮಾಡಿದೆಯಲ್ಲಾ ಮಗಾ."

ಪೊರ್ಬುಗಳು ಎಲೆ ಬಿಟ್ಟು ಎದ್ದು ಬಂದು ತಾಯಿಯ ಕಾಲ ಬಳಿ ಕೂತರು. "ಇಡಿಸಿದ್ದೇನೆ ಮಾಯ್" ಎಂದರು. "ಪ್ರತಿ ವರ್ಷ. ಅಲ್ಲಿಯ ದೊಡ್ಡ ಇಗರ್ಜಿಯಲ್ಲಿ. ಅವನ ಹೆಸರು ಹೇಳಿ."

ಕಿವಿ ಮಂದವಾದ ಆ ಮುದುಕಿಗೆ ಅದು ಒಂದೇ ಸಲಕ್ಕೆ ಕೇಳಿಸಿತು. ಮಗನ ತಲೆಯನ್ನು ಮಡಿಲಿಗೆಳೆದುಕೊಂಡು ಅತ್ತರು. ಪೊರ್ಬುಗಳೂ ಅತ್ತರು. ನಾನು ಬಾಳೆಲೆ ನೋಡುತ್ತಾ ಕೂತೆ. ಸೆಕೆಯಲ್ಲಿ ನನ್ನನ್ನು ಬೆಂಚಿನಲ್ಲಿ ಕೂರಿಸಿ ಅವರು ಒಳಗೆ ಮಾಡುತ್ತಿದ್ದದ್ದು ಇದು. ನನ್ನ ಮಾತು ಜಾರಿದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪ ಇಲ್ಲ. ಅತ್ತು ಮುಗಿದ ಮೇಲೆ ಮಾಯ್ ಕಣ್ಣೊರೆಸಿಕೊಂಡು, ಲೋಟಕ್ಕೆ ಹಾಲು ಬಗ್ಗಿಸಿ, ನನ್ನ ಕೈಗೆ ಕೊಟ್ಟರು. "ನೀನು ಅಲ್ಲಿ ಹೋಗಿ ಬಂದವಳು. ಈ ಪಾಲು ನಿನಗೆ. ತಿನ್ನು, ಇಲ್ಲದಿದ್ದರೆ ತರಕಾರಿ ತಣಿಯುತ್ತದೆ."

ಗೇಟಿನವರೆಗೆ ಕಳಿಸಲು ಬಂದ ಪೊರ್ಬುಗಳು ಬಯ್ಯಬಹುದು ಎಂದುಕೊಂಡಿದ್ದೆ. "ಬೂಟಿನಲ್ಲಿ ಕಲ್ಲು ಇಟ್ಟುಕೊಂಡು ನಡೆದ ಹಾಗೆ ಆಗ್ತಿತ್ತು ಸಿಸ್ಟರ್. ನನ್ನಿಂದ ತೆಗೀಲಿಕ್ಕೆ ಆಗಲಿಲ್ಲ" ಎಂದರು, ಅಷ್ಟೇ.

ಮಾಯ್ ಮತ್ತೆ ಹೆಚ್ಚು ಕಾಲ ಇರಲಿಲ್ಲ. ಪೊರ್ಬುಗಳು ಹಡಗು ಬಿಟ್ಟು ಊರಲ್ಲೇ ಸಣ್ಣ ಬೇಕರಿ ಹಾಕಿದರು. ನಾನು ಬೇರೆ ಹಡಗುಗಳಿಗೆ ಹೋದೆ. ಎಲ್ಲಿದ್ದರೂ ಸೆಪ್ಟೆಂಬರ್ ಕಳೆದ ಮೇಲೆ ನನ್ನ ಹೆಸರಿಗೆ ಒಂದು ಬೆಣ್ಣೆಕಾಗದದ ಪೊಟ್ಟಣ ಬರುತ್ತಿತ್ತು. ಕೇಕಿನ ಪೆಟ್ಟಿಗೆ ಮಡಚಿದ ಹಾಗೆ ಮೂಲೆಗೆ ಮೂಲೆ ಕೂಡಿಸಿ ಮಡಚಿದ್ದು. ನಮ್ಮ ಮನೆಯವರು ಹುಟ್ಟುಹಬ್ಬ ಮರೆತ ವರ್ಷಗಳಿವೆ, ಆ ಪೊಟ್ಟಣ ತಪ್ಪಿದ ವರ್ಷ ಇಲ್ಲ.

ಒಂದು ವರ್ಷ ಅದು ಕನ್ನಡ ಪೇಪರಿನ ತುಂಡಿನಲ್ಲಿ, ನೂಲು ಸುತ್ತಿ ಬಂತು. ಪೊರ್ಬುಗಳು ಆ ಮಳೆಗಾಲದಲ್ಲಿ, ಬೆಳಗ್ಗಿನ ಒಲೆ ಹಚ್ಚಿ ಕೂತಲ್ಲೇ ಹೋಗಿದ್ದರು. ನಾನು ಫೋನ್ ಮಾಡಿದಾಗ ಅವರ ಹೆಂಡತಿ, "ಅವರ ಪಾಲು ಈ ಸಲ ತೆಗೆದಿಡಲಿಲ್ಲ ಮಗಾ. ನಿನ್ನದು ಕಳಿಸಿದ್ದೇನೆ" ಎಂದರು.

ಆ ಚಳಿಗಾಲ ನನ್ನ ಹಡಗು ಬಹಳ ವರ್ಷಗಳ ಮೇಲೆ ಸಾಂಟೊ ಡೊಮಿಂಗೊದಲ್ಲಿ ನಿಂತಿತು. ಸೀರೆ ಇರಲಿಲ್ಲ, ಇದ್ದ ಒಳ್ಳೆಯ ಬಟ್ಟೆಗೆ ಇಸ್ತ್ರಿ ಹಾಕಿ ಇಳಿದೆ. ನೆರಳಿನ ಬದಿಯನ್ನೇ ಹಿಡಿದು ನಡೆದೆ. ನೀಲಿ ಬಾಗಿಲಿಗೆ ಬೀಗ ಇತ್ತು, ಮರದ ತಲೆ ಗೋಡೆಯ ಮೇಲಿಂದ ಕಾಣುತ್ತಿತ್ತು. ಈ ಸಲ ನಾನು ಬೆಂಚಿನಲ್ಲಿ ಕೂರದೆ ಇಗರ್ಜಿಯ ಒಳಗೆ ಹೋದೆ. ಪೂಜೆಗೆ ಎರಡು ಹೆಸರು ಕೊಟ್ಟೆ. ಬರೆದುಕೊಳ್ಳುತ್ತಿದ್ದವನು ನನ್ನ ಹಣೆಯ ಬೊಟ್ಟು ನೋಡಿ, ಇವರು ನಿಮಗೆ ಏನಾಗಬೇಕು ಎಂದು ಕೇಳಿದ. ಅಣ್ಣಂದಿರು ಎಂದೆ.

ಹೊರಗೆ ಬಂದು ಅದೇ ಬೆಂಚಿನಲ್ಲಿ ಕೂತು ನೂಲು ಬಿಚ್ಚಿದೆ. ನನ್ನ ಪಾಲಿನ ಕಾಳುಗಳು. ಪಾರಿವಾಳಗಳು ಓಡಿಬಂದು ಕಾಲಬುಡದಲ್ಲಿ ಸೇರಿದವು.

"ನಿಮಗಲ್ಲ ಮಾರಾಯ್ರೆ" ಎಂದೆ. "ಇದು ಮನೆಯವರಿಗೆ."